ಇದೇ ಬೆರಳು

ಮೊನ್ನೆ ಮಂಗಳವಾರ ದೊಡ್ಡಮ್ಮನನ್ನು ಆಟೋದಲ್ಲಿ ರೇಷನ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಕಾಸರಗೋಡಿನ ಬದಿಯಡ್ಕದ ಕಡೆಯ ಸಣ್ಣ ಪೇಟೆ. ಅವತ್ತಿನಿಂದ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿದೆ.

"ಅಮ್ಮೇ, ಒನ್ನುಕೂಡಿ." ಇನ್ನೊಮ್ಮೆ ಇಡಿ ಅಂತ. ಇಟ್ಟರು. ಬೆರಳಚ್ಚಿನ ಮಿಷನ್ನು ಕೂಗಿತು. ಹೆಬ್ಬೆರಳು ಆಯ್ತು, ತೋರುಬೆರಳು ಆಯ್ತು, ಎಡಗೈಯೂ ಆಯ್ತು. ಒನ್ನುಕೂಡಿ. ಕೊನೆಗೆ ಅಂಗಡಿಯವನು ಮಲಯಾಳ ಬಿಟ್ಟು ಕನ್ನಡಕ್ಕೆ ಬಂದ. "ಬೇರೆ ಬೆರಳು ಇಡಿ."

"ಇರುವುದು ಇದೇ ಬೆರಳು ಮಗಾ. ಬೇರೆ ಎಲ್ಲಿಂದ ತರಲಿ?"

ದೊಡ್ಡಮ್ಮನಿಗೆ ಕರುಳಿನ ಕ್ಯಾನ್ಸರ್‌ಗೆ ಮಂಗಳೂರಿನಲ್ಲಿ ಆಪರೇಷನ್ ಆಗಿ, ಈಗ ಕ್ಯಾಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆ. ಎರಡು ವಾರ ನುಂಗುವುದು, ಒಂದು ವಾರ ಬಿಡುವುದು. ಆರನೇ ಸುತ್ತು. ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತದೆ ಅಂತ ಮೊದಲೇ ಹೇಳಿದ್ದರು. ಬೆರಳಿನ ಗೆರೆ ಅಳಿಸಿಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದರೂ ಉಳಿದಿದ್ದ ಗೆರೆ. ಬೆಳಕಿಗೆ ಹಿಡಿದು ನೋಡಿದೆ, ಹೆಬ್ಬೆರಳು ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಸಿಟ್ಟು ಬಂದದ್ದು ಹಿಂದೆ ನಿಂತಿದ್ದ ಹೆಂಗಸಿನ ಮೇಲೆ. ಕೈ ನೋಡಿದವಳೇ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ಅಂಟುರೋಗ ಅಲ್ಲಮ್ಮಾ, ಮಾತ್ರೆ ಅಂತ ಹೇಳಬೇಕಿತ್ತು. ಸುಮ್ನೆ ನಿಂತುಬಿಟ್ಟೆ.

ಮನೆಗೆ ಬಂದು ಹುಡುಕಿದರೆ ಇದು ಹೊಸ ಕಥೆಯೇ ಅಲ್ಲ. ಇದೇ ಮಾತ್ರೆ ತಿನ್ನುತ್ತಿದ್ದ 62 ವರ್ಷದ ಸಿಂಗಾಪುರದ ಒಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿದ್ದರಂತೆ, ಬೆರಳಚ್ಚು ಇಲ್ಲ ಅಂತ. ಅವರ ಡಾಕ್ಟರು 2009ರಲ್ಲೇ ಬರೆದಿದ್ದಾರೆ. ಮಾತ್ರೆ ನಿಲ್ಲಿಸಿದರೆ ಗೆರೆ ಸಾಮಾನ್ಯವಾಗಿ ಮತ್ತೆ ಮೂಡುತ್ತದೆ. ಇನ್ನೊಂದು ಓದಿ ನಗು ಬಂತು. ದೆಹಲಿಯ ಏಮ್ಸ್‌ನವರು ಈ ಮಾತ್ರೆಯ 264 ರೋಗಿಗಳಲ್ಲಿ ಅರ್ಧ ಜನಕ್ಕೆ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ಉಳಿದವರಿಗೆ ಔಷಧವಿಲ್ಲದ ಜೆಲ್ ಕೈಗೆ ಹಚ್ಚಿಸಿದರು. ಔಷಧವಿಲ್ಲದವರಲ್ಲಿ 100ಕ್ಕೆ 15 ಜನರಿಗೆ ಕೈಕಾಲಿನ ತೊಂದರೆ ಜಾಸ್ತಿಯಾಯಿತು, ಔಷಧ ಹಚ್ಚಿದವರಲ್ಲಿ 4 ಕೂಡ ದಾಟಲಿಲ್ಲ. 2024ರಲ್ಲಿ ಪ್ರಕಟವಾಗಿದೆ. ದೊಡ್ಡಪ್ಪ ಮೊಣಗಂಟಿಗೆ ತಿಕ್ಕಿಕೊಳ್ಳುವುದು ಅದನ್ನೇ! ಕಪಾಟಿನಲ್ಲಿ ಅರ್ಧ ಟ್ಯೂಬು ಇದೆ. ಮುಂದಿನ ವಾರ ಡಾಕ್ಟರ ಹತ್ತಿರ ಕೇಳಬೇಕು.

ಕೊನೆಗೆ ಅಕ್ಕಿ ಸಿಕ್ಕಿತು ಅನ್ನಿ. ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ ಒಟಿಪಿ ಹೋಗಿ, ಅವನು ಮೀಟಿಂಗಿನಿಂದ ಹೊರಗೆ ಬಂದು ಹೇಳಬೇಕಾಯಿತು. ಆ ಹೊತ್ತಿನಲ್ಲೇ ದೊಡ್ಡಮ್ಮ ಕೇಳಿದ್ದು, "ರುಜು ಹಾಕಿದರೆ ಆಗುವುದಿಲ್ಲವಾ?"

ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ. ಏಳನೇ ಕ್ಲಾಸು ಓದಿದವರು. ಪಂಚಾಯಿತಿಯಲ್ಲಿ, ಬ್ಯಾಂಕಿನಲ್ಲಿ, ಜಮೀನಿನ ಆಧಾರ ಪತ್ರದಲ್ಲಿ, ಎಲ್ಲೂ ಹೆಬ್ಬೆಟ್ಟು ಒತ್ತಿದವರಲ್ಲ. ಜೊತೆಯ ಹೆಂಗಸರು ಮಸಿಗೆ ಬೆರಳು ಅದ್ದುವಾಗ ಇವರು ಪೆನ್ನು ಕೇಳುತ್ತಿದ್ದರಂತೆ.

ವಾಪಸು ಬರುವಾಗ ಆಟೋದಲ್ಲಿ ನನ್ನ ಪೆನ್ನು ಇಸ್ಕೊಂಡರು. ರೇಷನ್ ಚೀಟಿಯ ಹಿಂದೆ, ಆ ಕುಲುಕಾಟದಲ್ಲಿ, ಉರಿಯುವ ಬೆರಳಿನಲ್ಲಿ ಪೂರ್ತಿ ಹೆಸರು ಬರೆದರು. ಒತ್ತಕ್ಷರ ಸಹಿತ.