ಹಾರವಾಡ ಸ್ಟೇಶನ್ನಿನಲ್ಲಿ ಆಯಿ

2024ರ ಜುಲೈ 16ಕ್ಕೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಅದರ ಮರುವಾರವೇ ಆಯಿಯನ್ನು ಕುಮಟೆಯ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯಬೇಕಿತ್ತು. ಬೇರೆ ದಿನವಾದರೆ ತೋಡೂರು ಕಾಲೊನಿಯಿಂದ ಹೆದ್ದಾರಿಗೆ ಬಂದು ಬಸ್ಸಿಗೆ ಕೈ ಮಾಡಿದರಾಯಿತು. ಆ ದಿನ ಉಳಿದದ್ದು ಹಾರವಾಡದ ರೈಲೊಂದೇ.

ಕಾರವಾರ ಸ್ಟೇಶನ್ ಇರುವುದು ಶಿರವಾಡದಲ್ಲಿ, ನಮಗೆ ಹಾರವಾಡವೇ ಹತ್ತಿರ. ಆದರೂ ಆಯಿ ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಎಕ್ಸ್‌ಪ್ರೆಸ್‌ಗಳೆಲ್ಲ ಸೀಟಿ ಹೊಡೆದು ಹೋಗಿಬಿಡುತ್ತವೆ, ನಮಗೆ ನಿಲ್ಲುವುದು ಪ್ಯಾಸೆಂಜರ್. ಸೀಬರ್ಡ್ ನೌಕಾನೆಲೆಗಾಗಿ 13 ಹಳ್ಳಿಗಳ 4,000ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಅರಗಾದಲ್ಲಿದ್ದ ನಮ್ಮ ಮನೆಯೂ ಅದರಲ್ಲೇ ಹೋಯಿತು, ನಾವು ತೋಡೂರು ಕಾಲೊನಿಗೆ ಬಂದದ್ದು ಹಾಗೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರ ಜನವರಿಯಲ್ಲಿ. ‘ನಾವು ಗಂಟುಮೂಟೆ ಕಟ್ಟೂ ಕಾಲಕ್ಕೇ ರೈಲು ಬಂತು’ ಎಂದು ಆಯಿ ಈಗಲೂ ಹೇಳುತ್ತಾಳೆ.

ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಆಯಿ ಕೊಡೆ ಮಡಚಿ ಬೆಂಚಿನ ತುದಿಗೆ ಕುಳಿತು, ಹಳಿ ಹೋಗುವ ದಿಕ್ಕಿನ ಗುಡ್ಡವನ್ನೇ ನೋಡುತ್ತಿದ್ದಳು. ಶಿರೂರಿನ ಸುದ್ದಿ ಕೇಳಿದಂದಿನಿಂದ ಅವಳಿಗೆ ಗುಡ್ಡವೆಂದರೆ ಎದೆ ಝಲ್ಲೆನ್ನುತ್ತಿತ್ತು. ಅಷ್ಟರಲ್ಲಿ ಹಳಿಯ ಪಕ್ಕದಲ್ಲಿ ಗಸ್ತಿನವನೊಬ್ಬ ನಡೆದು ಬಂದ. ರೇನ್‌ಕೋಟಿನ ಅಂಚಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒಂದು ಕೈಯಲ್ಲಿ ದೀಪ, ಮೊಣಕಾಲವರೆಗೆ ಕೆಂಪು ರಾಡಿ. ಮಳೆಗಾಲದಲ್ಲಿ ಈ ಹಾದಿಯ ಗುಡ್ಡ ಕಡಿದ ಜಾಗಗಳನ್ನು ಹೀಗೆ ಹಗಲು ರಾತ್ರಿ ನಡೆದೇ ನೋಡುತ್ತಾರೆ. ಗಾಡಿಗಳ ವೇಗವನ್ನೂ ಇಳಿಸಿರುತ್ತಾರೆ.

‘ತಮ್ಮಾ, ಮುಂದೆ ದಾರಿ ಸಮ ಇದ್ಯಾ?’ ಆಯಿ ಎದ್ದು ನಿಂತೇ ಕೇಳಿದಳು.

‘ಈಗಷ್ಟೇ ನಡ್ಕಂಡೇ ಬಂದೆ ಅಮ್ಮಾ. ಹೆದರ್ಬೇಡಿ.’

ನಾನು ಮನೆಯಲ್ಲಿ ಎರಡು ದಿನ ಹೇಳಿದ್ದೂ ಇದನ್ನೇ. ಅವಳು ನಂಬಿದ್ದು ಅವನ ಕಾಲಿನ ರಾಡಿ ನೋಡಿ.

ಗಾಡಿ ಬಂದಾಗ ಕಾಲಿಡಲೂ ಜಾಗವಿರಲಿಲ್ಲ, ಬಸ್ಸಿನ ಜನವೆಲ್ಲ ಅದರಲ್ಲೇ. ಪ್ಲಾಟ್‌ಫಾರ್ಮ್ ತಗ್ಗು, ಮೆಟ್ಟಿಲು ಆಯಿಯ ಸೊಂಟದ ಮಟ್ಟಕ್ಕೆ. ಒಣಮೀನಿನ ಬುಟ್ಟಿ ಇಟ್ಟುಕೊಂಡು ಬಾಗಿಲಲ್ಲಿ ಕುಳಿತಿದ್ದ ಹೆಂಗಸು ‘ಕೈ ಕೊಡೇ ಅಕ್ಕಾ’ ಎಂದು ಎಳೆದುಕೊಂಡಳು, ಹಿಂದಿನಿಂದ ನಾನು ಎತ್ತಿದೆ. ಅಂಕೋಲೆ ದಾಟಿ ಗಂಗಾವಳಿ ಸೇತುವೆಯ ಮೇಲೆ ಇಡೀ ಬೋಗಿ ಸುಮ್ಮನಾಯಿತು. ಕೆಳಗೆ ಕೆಂಪು ನೀರು. ಶಿರೂರಿನಲ್ಲಿ ಕಾಣೆಯಾದವರನ್ನು ಈ ಹೊಳೆಯಲ್ಲಿ ಇನ್ನೂ ಹುಡುಕುತ್ತಿದ್ದರು. ಆಯಿ ಕೈ ಮುಗಿದಳು, ಮೀನಿನವಳೂ ಮುಗಿದಳು.

ಡಾಕ್ಟರ ಕೆಲಸ ಬೇಗ ಮುಗಿಯಿತು. ವಾಪಸು ಹಾರವಾಡದಲ್ಲಿ ಇಳಿದಾಗ ಕತ್ತಲು. ಹೊರಗೆ ಒಂದು ರಿಕ್ಷಾ ಇಲ್ಲ. ಮೊಬೈಲ್ ಬೆಳಕಿನಲ್ಲಿ ಆಯಿಯ ಕೈ ಹಿಡಿದು ಹೆದ್ದಾರಿವರೆಗೆ ನಡೆಸಿದೆ. ದೇಶಕ್ಕೆ ಮನೆ ಬಿಟ್ಟುಕೊಟ್ಟವರ ಇಷ್ಟೊಂದು ಕಾಲೊನಿಗಳಿವೆ ಇಲ್ಲಿ. ರೈಲಿನ ಹೊತ್ತಿಗೆ ಒಂದು ಬಸ್ಸು, ದಾರಿಗೆ ನಾಲ್ಕು ದೀಪ, ಒಂದಾದರೂ ಎಕ್ಸ್‌ಪ್ರೆಸ್‌ಗೆ ನಿಲುಗಡೆ ನಮಗೆ ಸಿಗಲೇಬೇಕು.

ತಿರುವಿನಲ್ಲಿ ಆಯಿ ನಿಂತಳು. ದೂರ ಹಳಿಯ ಮೇಲೆ ಸಣ್ಣ ಬೆಳಕೊಂದು ಮೆಲ್ಲಗೆ ಸರಿಯುತ್ತಿತ್ತು.

‘ಅಂವನೇ ಇರ್ಬೇಕು. ಉಂಡಿದ್ನೋ ಇಲ್ವೋ’ ಅಂದಳು.