ಅಪ್ಪ ಅಮ್ಮ ಇರುವ ‘ಅನಾಥ’ ಮಕ್ಕಳು

ಹೈಟಿ ದೇಶದ ಅನಾಥಾಶ್ರಮಗಳಲ್ಲಿ ಸುಮಾರು 30,000 ಮಕ್ಕಳಿದ್ದಾರೆ ಅಂತ ಮಕ್ಕಳ ಪರ ಕೆಲಸ ಮಾಡುವ ಲೂಮೋಸ್ ಸಂಸ್ಥೆ 2017ರಲ್ಲಿ ಲೆಕ್ಕ ಕೊಟ್ಟಿತ್ತು. ಅವರಲ್ಲಿ ನೂರಕ್ಕೆ ಎಂಬತ್ತರಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಒಬ್ಬರಾದರೂ ಬದುಕಿದ್ದಾರೆ ಅಂತಲೂ ಹೇಳಿತ್ತು. ಹಾಗಾದರೆ ಅವರನ್ನು ಅನಾಥರು ಅನ್ನುವುದು ಯಾಕೆ? ಈ ಪ್ರಶ್ನೆಯನ್ನು ನಮ್ಮ ಚರ್ಚಿನಲ್ಲಿ ಕೇಳಿ ಸ್ವಲ್ಪ ಬೇಜಾರು ಕಟ್ಟಿಕೊಂಡಿದ್ದೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತ ಮನೆಯಲ್ಲಿ ಬೆಳೆದವಳು. ಈಗ ಅಮೆರಿಕದಲ್ಲಿದ್ದೇನೆ, ಇಲ್ಲಿನ ಚರ್ಚಿನ ಮಿಷನ್ ಕಮಿಟಿಯಲ್ಲಿ ಇದ್ದೇನೆ. ಬಜೆಟ್ ಹಾಳೆಯಲ್ಲಿ ‘ಹೈಟಿ ಅನಾಥಾಶ್ರಮ’ ಅಂತ ಒಂದು ಸಾಲಿದೆ. ಪ್ರತಿ ವರ್ಷ ಚರ್ಚೆಯೇ ಇಲ್ಲದೆ ಪಾಸಾಗುತ್ತದೆ. ಪ್ರಿಂಟರ್ ರಿಪೇರಿ ಖರ್ಚಿಗೆ ಅರ್ಧ ಗಂಟೆ ಜಗಳ ಆಡುವ ಜನ, ಮಕ್ಕಳ ಫೋಟೋ ಸ್ಕ್ರೀನ್ ಮೇಲೆ ಬಂದ ಕೂಡಲೇ ಸುಮ್ಮನಾಗುತ್ತಾರೆ.

ಮಕ್ಕಳು ಅಲ್ಲಿಗೆ ಹೇಗೆ ಬಂದರು ಅನ್ನುವುದು ಮುಖ್ಯ. ಹೈಟಿಯಲ್ಲಿ ಸರ್ಕಾರಿ ಶಾಲೆಗಳು ಬಹಳ ಕಡಿಮೆ. ಬಹುಪಾಲು ಶಾಲೆಗಳು ಖಾಸಗಿ, ಅವುಗಳಲ್ಲಿ ಎಷ್ಟೋ ಚರ್ಚಿನವೇ. ಫೀಸು, ಯೂನಿಫಾರ್ಮು, ಶೂ, ಪುಸ್ತಕ ಎಲ್ಲವನ್ನೂ ಮನೆಯವರೇ ಹೊಂದಿಸಬೇಕು. ನಾಲ್ಕು ಮಕ್ಕಳಿರುವ ತಾಯಿ ಇಬ್ಬರನ್ನು ಓದಿಸಬಹುದು, ಉಳಿದಿಬ್ಬರನ್ನು ಏನು ಮಾಡಬೇಕು? ಅಷ್ಟರಲ್ಲಿ ಯಾರೋ ಒಬ್ಬ ಪಾಸ್ಟರು ಬಂದು, ಮಗುವನ್ನು ನಮ್ಮಲ್ಲಿ ಬಿಡಿ, ಮೂರು ಹೊತ್ತು ಊಟ ಹಾಕಿ ಇಂಗ್ಲಿಷ್ ಕಲಿಸುತ್ತೇವೆ ಅಂದರೆ ಅವಳು ಬಿಡುತ್ತಾಳೆ. ನಮ್ಮೂರಿನವರು ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಿದ ಹಾಗೇ ಅಂದುಕೊಂಡು ಬಿಡುತ್ತಾಳೆ. ಆ ಮಗುವಿನ ಫೋಟೋ ಅಮೆರಿಕದ ಚರ್ಚಿನಲ್ಲಿ ಅನಾಥ ಮಗು ಅಂತ ತೋರಿಸಲ್ಪಡುತ್ತದೆ ಅನ್ನುವುದು ಅವಳಿಗೆ ಗೊತ್ತಿರುವುದಿಲ್ಲ.

2010ರ ಜನವರಿ 12ರಂದು ಅಲ್ಲಿ ದೊಡ್ಡ ಭೂಕಂಪ ಆಯಿತಲ್ವಾ, ಆಗ ಇದು ಜಗತ್ತಿಗೆಲ್ಲ ಕಾಣಿಸಿತು. ಭೂಕಂಪ ಆಗಿ ಮೂರು ವಾರವೂ ಆಗಿರಲಿಲ್ಲ, ಅಮೆರಿಕದ ಬ್ಯಾಪ್ಟಿಸ್ಟ್ ಪಂಗಡದ 10 ಮಂದಿ ಕ್ರೈಸ್ತರು, ಹೆಚ್ಚಿನವರು ಐಡಾಹೋ ರಾಜ್ಯದವರು, 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ಗೆ ಹೊರಟಿದ್ದಾಗ ಗಡಿಯಲ್ಲಿ ಸಿಕ್ಕಿಬಿದ್ದರು, ಅವರ ಹತ್ತಿರ ಬೇಕಾದ ಕಾಗದಪತ್ರಗಳು ಇರಲಿಲ್ಲ. ಅನಾಥ ಮಕ್ಕಳನ್ನು ಉಳಿಸಲು ಬಂದೆವು ಅಂದರು. ವಿಚಾರಿಸಿದರೆ ಮಕ್ಕಳಿಗೆ ಮನೆಯವರಿದ್ದರು. ಕಲೆಬಾಸ್ ಅನ್ನುವ ಗುಡ್ಡದ ಹಳ್ಳಿಯ ತಂದೆ ತಾಯಿಗಳು, ಓದು ಸಿಗುತ್ತದೆ ಅಂತ ನಾವೇ ಕೊಟ್ಟೆವು ಎಂದು ಪತ್ರಕರ್ತರ ಮುಂದೆ ಹೇಳಿದರು. ಕೊನೆಗೆ ಗುಂಪಿನ ಮುಖ್ಯಸ್ಥೆಗೆ ಮಾತ್ರ ಶಿಕ್ಷೆ ಆಯಿತು. ಅಷ್ಟರಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನೇ ಶಿಕ್ಷೆ ಅಂತ ಲೆಕ್ಕ ಹಾಕಿ ಬಿಟ್ಟುಬಿಟ್ಟರು. ಅವರನ್ನು ಕಳ್ಳರು ಅಂತ ನಾನು ಹೇಳುವುದಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂತ ಪ್ರಾಮಾಣಿಕವಾಗಿ ನಂಬಿದ್ದರು ಅನ್ನಿಸುತ್ತದೆ. ನನಗೆ ಭಯ ಆಗುವುದೂ ಅದಕ್ಕೇ. ಬೇರೆಯವರ ಮಗುವನ್ನು ಗಡಿ ದಾಟಿಸುವ ಮೊದಲು ಅದರ ತಾಯಿಯ ಸ್ಥಿತಿ ಏನು ಅಂತ ವಿಚಾರಿಸಬೇಕು ಅನ್ನುವುದು ಹತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

2020ರ ಫೆಬ್ರವರಿಯಲ್ಲಿ ನಡೆದದ್ದು ಇನ್ನೂ ಘೋರ. ರಾಜಧಾನಿ ಪೋರ್ಟೊ ಪ್ರಿನ್ಸ್ ಹತ್ತಿರದ ಫೆರ್ಮಾಟ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದು ಕ್ರೈಸ್ತ ಗುಂಪು ನಡೆಸುತ್ತಿದ್ದ ಆಶ್ರಮಕ್ಕೆ ರಾತ್ರಿ ಬೆಂಕಿ ಬಿದ್ದು 15 ಮಕ್ಕಳು ಸತ್ತರು. ಜನರೇಟರ್ ಕೆಟ್ಟಿತ್ತು, ಮೇಣದ ಬತ್ತಿ ಹಚ್ಚಿಟ್ಟಿದ್ದರು. ಆಶ್ರಮಕ್ಕೆ ಸರ್ಕಾರದ ಪರವಾನಗಿಯೂ ಇರಲಿಲ್ಲ. ಅದೊಂದಕ್ಕೇ ಇರಲಿಲ್ಲ ಅಂತಲ್ಲ, ದೇಶದಲ್ಲಿದ್ದ 750ಕ್ಕೂ ಹೆಚ್ಚು ಆಶ್ರಮಗಳಲ್ಲಿ ಪರವಾನಗಿ ಇದ್ದದ್ದು 35ಕ್ಕೆ ಮಾತ್ರ.

‘ಹಾಗಾದರೆ ಬಡ ಮಕ್ಕಳಿಗೆ ಏನೂ ಮಾಡುವುದು ಬೇಡವಾ’ ಅಂತ ಕೇಳುತ್ತಾರೆ. ಖಂಡಿತ ಮಾಡಬೇಕು. ಆದರೆ ದುಡ್ಡು ಯಾವ ಬಾಗಿಲಿಗೆ ಹೋಗುತ್ತದೆ ಅಂತ ನೋಡಬೇಕು.

ಕಂಪ್ಯಾಷನ್ ಇಂಟರ್‌ನ್ಯಾಷನಲ್ ಸಂಸ್ಥೆಯ ಹೆಸರು ಕೇಳಿರಬಹುದು. ಕೊರಿಯಾ ಯುದ್ಧದಲ್ಲಿ ಬೀದಿಗೆ ಬಿದ್ದ ಮಕ್ಕಳನ್ನು ನೋಡಿ ಎವರೆಟ್ ಸ್ವಾನ್ಸನ್ ಅನ್ನುವ ಬೋಧಕರು 1952ರಲ್ಲಿ ಶುರು ಮಾಡಿದ್ದು. ಶುರುವಾದದ್ದು ಅನಾಥಾಶ್ರಮಗಳಿಗೆ ಸಹಾಯ ಮಾಡುತ್ತಾ. ಈಗ ಅವರ ರೀತಿ ಬೇರೆ. ಮಗು ತನ್ನ ಮನೆಯಲ್ಲೇ ಇರುತ್ತದೆ. ಪ್ರಾಯೋಜಕರು ತಿಂಗಳು ತಿಂಗಳು ಕಳಿಸುವ ದುಡ್ಡು ಆ ಊರಿನ ಚರ್ಚಿನ ಮೂಲಕ ಶಾಲೆ ಖರ್ಚು, ಆರೋಗ್ಯ ತಪಾಸಣೆ, ಪಾಠ, ಊಟಕ್ಕೆ ಹೋಗುತ್ತದೆ. ಸಂಜೆ ಮಗು ಅಮ್ಮನ ಹತ್ತಿರ ವಾಪಸ್.

ಇದು ಕೆಲಸ ಮಾಡುತ್ತದಾ? ಬ್ರೂಸ್ ವೈಡಿಕ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಆರು ದೇಶಗಳಲ್ಲಿ ಅಳೆದು ನೋಡಿದರು, ಭಾರತವೂ ಅದರಲ್ಲಿ ಇತ್ತು. ಅಳೆದ ರೀತಿ ನನಗೆ ತುಂಬಾ ಹಿಡಿಸಿತು. ಯೋಜನೆ ಊರಿಗೆ ಬಂದಾಗ 12 ವರ್ಷ ದಾಟಿದ ಮಕ್ಕಳಿಗೆ ಸೇರಲು ಅವಕಾಶ ಇರಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ತಮ್ಮನಿಗೆ ಸಿಕ್ಕಿತು, ಅಣ್ಣನಿಗೆ ಸಿಗಲಿಲ್ಲ. ಅವರೆಲ್ಲ ದೊಡ್ಡವರಾದ ಮೇಲೆ ಹೋಲಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ, ಸಹಾಯ ಸಿಕ್ಕವರು ಸಿಗದವರಿಗಿಂತ ಒಂದು ವರ್ಷಕ್ಕೂ ಜಾಸ್ತಿ ಓದಿದ್ದರು, ಹೈಸ್ಕೂಲು ಮುಗಿಸಿದವರೂ ಕೆಲಸ ಸಿಕ್ಕವರೂ ಅವರಲ್ಲೇ ಹೆಚ್ಚು. ಒಂದು ವರ್ಷ ಅಷ್ಟೇನಾ ಅನ್ನಬೇಡಿ, ಬಡ ಮನೆಯಲ್ಲಿ ಒಂದು ವರ್ಷ ಜಾಸ್ತಿ ಓದಿಸುವುದು ಎಷ್ಟು ಕಷ್ಟ ಅಂತ ನಮ್ಮ ಅಜ್ಜಿಯಂದಿರನ್ನು ಕೇಳಿದರೆ ಹೇಳುತ್ತಿದ್ದರು.

ಇಲ್ಲಿಗೆ ಕನ್ನಡ ಓದುಗರು ಮತಾಂತರದ ಪ್ರಶ್ನೆ ಎತ್ತುತ್ತಾರೆ ಅಂತ ಗೊತ್ತು. ಎತ್ತಬೇಕಾದದ್ದೇ. ಕಂಪ್ಯಾಷನ್ ತನ್ನ ಕ್ರೈಸ್ತ ನಂಬಿಕೆಯನ್ನು ಮುಚ್ಚಿಡುವುದಿಲ್ಲ, ಮಕ್ಕಳಿಗೆ ಬೈಬಲ್ ಪಾಠವೂ ಇರುತ್ತದೆ. ಭಾರತ ಸರ್ಕಾರ ಅವರ ವಿದೇಶಿ ಹಣಕ್ಕೆ ಮುಂಚಿತ ಅನುಮತಿ ಬೇಕು ಅಂತ ಹೇಳಿದ್ದು ಮತಾಂತರದ ಆರೋಪದ ಮೇಲೆಯೇ. ಸಂಸ್ಥೆ ಆ ಆರೋಪವನ್ನು ಒಪ್ಪಲಿಲ್ಲ. 2017ರ ಮಾರ್ಚ್‌ನಲ್ಲಿ ಭಾರತ ಬಿಟ್ಟು ಹೋಯಿತು, ಸುಮಾರು 1,45,000 ಮಕ್ಕಳ ಸಹಾಯ ನಿಂತಿತು. ನನ್ನ ಮಾತು ಇಷ್ಟೇ: ಊಟಕ್ಕೂ ಫೀಸಿಗೂ ನಂಬಿಕೆಯನ್ನು ಷರತ್ತು ಮಾಡುವುದು ಯೇಸುವಿಗೇ ಅವಮಾನ. ಹಾಗೆ ಮಾಡುವವರು ಇದ್ದಾರೆ, ಅವರ ಪರ ನಾನು ನಿಲ್ಲುವುದಿಲ್ಲ. ಹೈಟಿಯಲ್ಲಿ ಮಾತ್ರ ಈ ಪ್ರಶ್ನೆಯ ರೂಪವೇ ಬೇರೆ, ಅಲ್ಲಿ ಹೆಚ್ಚಿನವರು ಆಗಲೇ ಕ್ರೈಸ್ತರು. ಮಗುವನ್ನು ಕೊಡುವ ತಾಯಿಯೂ ಭಾನುವಾರ ಚರ್ಚಿಗೆ ಹೋಗುವವಳೇ. ಅವಳ ಕೊರತೆ ದುಡ್ಡಿನದು, ದೇವರದ್ದಲ್ಲ.

ನಮ್ಮ ಕಮಿಟಿಗೆ ಇಷ್ಟವಾದ ವಚನ ಬೈಬಲಿನ ಯಾಕೋಬನ ಪತ್ರಿಕೆಯ 1:27. ಅದರಲ್ಲಿ ತಬ್ಬಲಿ ಮಕ್ಕಳ ಜೊತೆಗೇ ವಿಧವೆಯರನ್ನೂ ನೋಡಿಕೊಳ್ಳುವ ಮಾತಿದೆ. ಪೋಸ್ಟರಿನಲ್ಲಿ ಮಕ್ಕಳಷ್ಟೇ ಬರುತ್ತಾರೆ, ವಿಧವೆ ಬರುವುದಿಲ್ಲ. ಆ ವಿಧವೆಯೇ ಎಷ್ಟೋ ಸಲ ಆ ಮಗುವಿನ ಅಮ್ಮ.

ಮಂಗಳೂರಿನ ನಮಗೆ ಇದು ದೂರದ ಕಥೆಯೂ ಅಲ್ಲ. ಒಂದು ಕಾಲಕ್ಕೆ ಆ ‘ವಿದೇಶದ ಬಡ ಮಕ್ಕಳು’ ನಾವೇ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಬಂತು. ಅಲ್ಲಿನ ಸಾಮಾನ್ಯ ಜನ ವಾರ ವಾರ ಹಾಕಿದ ಚಿಲ್ಲರೆ ಕಾಸು ನಮ್ಮ ಕರಾವಳಿಗೆ ಬಂದಿದೆ. ಅವರೂ ಅನಾಥಾಲಯ ನಡೆಸಿದರು. ಆದರೆ ಜಾತಿ ಬಿಟ್ಟು ಬಂದು ಕಸುಬು ಕಳೆದುಕೊಂಡ ದೊಡ್ಡವರಿಗೆ ಕೆಲಸವನ್ನೂ ಕೊಟ್ಟರು. ಮಗ್ಗ ಹಾಕಿದರು, 1865ರಲ್ಲಿ ಪ್ಲೆಬ್ಸ್ಟ್ ಅನ್ನುವ ಮಿಷನರಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಕಾರ್ಖಾನೆಯ ಶಿಸ್ತು, ಸಾಹೇಬರ ದರ್ಪ ಎಲ್ಲ ಇತ್ತು, ಅದನ್ನು ಚಂದ ಮಾಡಿ ಹೇಳುವುದು ಬೇಡ. ಆದರೂ ಅಪ್ಪನಿಗೆ ಕೂಲಿ ಸಿಕ್ಕರೆ ಮಗು ಮನೆಯಲ್ಲೇ ಉಳಿಯುತ್ತದೆ.

ಹೈಟಿಯಲ್ಲೂ ಈ ದಾರಿ ಹಿಡಿದವರಿದ್ದಾರೆ. ಶೆಲ್ಲಿ ಅನ್ನುವ ಅಮೆರಿಕದ ಮಹಿಳೆ ಮಗು ದತ್ತು ತೆಗೆದುಕೊಳ್ಳಲು ಅಲ್ಲಿಗೆ ಹೋದವರು. ಮಕ್ಕಳನ್ನು ಬಿಟ್ಟುಕೊಡುತ್ತಿದ್ದ ತಾಯಂದಿರನ್ನು ಕಂಡ ಮೇಲೆ, ಕಾಗದದ ಮಣಿ, ಮಣ್ಣಿನ ಲೋಟ ಮಾಡಿಸುವ ಕೆಲಸ ಶುರು ಮಾಡಿದರು. ಅದು ಪಾಪಿಯೋನ್ ಅನ್ನುವ ಉದ್ಯಮವಾಗಿ ಬೆಳೆದು ಎಷ್ಟೋ ತಂದೆ ತಾಯಿಗಳಿಗೆ ಸಂಬಳ ಕೊಟ್ಟಿತು.

ಅಮೆರಿಕದ ಚರ್ಚಿನವರು ಬೇಸಿಗೆ ರಜೆಗೆ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಹೈಟಿಗೆ ಹೋಗಿ ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಬರುವ ಪ್ರವಾಸಗಳು ಈಗ ಬಹುಪಾಲು ನಿಂತಿವೆ. ನಿಲ್ಲಿಸಿದ್ದು ವಿವೇಕ ಅಲ್ಲ, ಅಲ್ಲಿನ ಬಂದೂಕು ಹಿಡಿದ ಗ್ಯಾಂಗುಗಳು. 2021ರ ಅಕ್ಟೋಬರಿನಲ್ಲಿ ಅನಾಥಾಶ್ರಮವೊಂದಕ್ಕೆ ಹೋಗಿ ಬರುತ್ತಿದ್ದ ಮಿಷನರಿ ಗುಂಪಿನ 17 ಮಂದಿಯನ್ನು, ಅವರಲ್ಲಿದ್ದ ಮಕ್ಕಳ ಸಮೇತ, ಅಪಹರಿಸಿದರು. ಯಾರೂ ಹೋಗದಿದ್ದರೂ ನಮ್ಮ ಚೆಕ್ ಮಾತ್ರ ಹೋಗುತ್ತಿದೆ.

ಒಮ್ಮೆಗೇ ದುಡ್ಡು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮಕ್ಕಳು ಬೀದಿಗೆ ಬೀಳುತ್ತಾರೆ. ಮನೆಯವರನ್ನು ಹುಡುಕಬೇಕು, ಆ ಮನೆಗೆ ಮಗುವನ್ನು ಕಳಿಸಬಹುದಾ ಅಂತ ತಿಳಿದವರು ಹೋಗಿ ನೋಡಬೇಕು, ಫೀಸು ಕಟ್ಟಬೇಕು, ಕಳಿಸಿದ ಮೇಲೂ ವರ್ಷಗಟ್ಟಲೆ ವಿಚಾರಿಸುತ್ತಿರಬೇಕು. ಕೆಲವು ಮಕ್ಕಳಿಗೆ ನಿಜಕ್ಕೂ ಯಾರೂ ಇರುವುದಿಲ್ಲ, ಅವರಿಗೆ ಬೇರೆ ಮನೆ ಹುಡುಕಬೇಕು. ಇದರಲ್ಲಿ ಫೋಟೋಗೆ ಚಂದ ಕಾಣುವಂಥದ್ದು ಏನೂ ಇಲ್ಲ. ಮುಂದಿನ ತಿಂಗಳು ಬಜೆಟ್ ಮೀಟಿಂಗ್ ಇದೆ. ಆಶ್ರಮದಲ್ಲಿರುವ ಪ್ರತಿ ಮಗುವಿನ ಮನೆಯವರು ಯಾರು, ಎಲ್ಲಿದ್ದಾರೆ ಅಂತ ಬರೆದು ಕೊಡಿ ಎಂದು ಆಶ್ರಮದವರಿಗೆ ಪತ್ರ ಹಾಕಿದ್ದೇವೆ. ಉತ್ತರ ಬರದಿದ್ದರೆ ಆ ಸಾಲಿಗೆ ನಾನು ಕೈ ಎತ್ತುವುದಿಲ್ಲ.