ಹಿಂದಿನ ಬೆಂಚಿನ ಉತ್ತರ

ಸಿಂದಗಿ, ಇಂಡಿ, ಮುದ್ದೇಬಿಹಾಳದ ಹಳ್ಳಿಗಳಿಂದ ಬಸ್ ಹತ್ತಿ ವಿಜಯಪುರದ ಕಾಲೇಜಿಗೆ ಬರುತ್ತಿದ್ದವರು ಬಹಳಷ್ಟು ಮಂದಿ ಕೊನೆಯ ಎರಡು ಬೆಂಚು ಹಿಡಿಯುತ್ತಿದ್ದರು. ಪಿಯುಸಿವರೆಗೂ ಕನ್ನಡ ಮಾಧ್ಯಮ, ಪದವಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪಾಠ. ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಆ ಮೌನವನ್ನು ದಡ್ಡತನ ಎಂದು ತಿಳಿಯದಿದ್ದವರು ಅರ್ಥಶಾಸ್ತ್ರದ ಸರ್.

ಅವರು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಕೈಯಲ್ಲಿನ ಚಾಕ್ ಕೆಳಗಿಡುತ್ತಿದ್ದರು. ಒಂದು ನಿಮಿಷ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಭಾಷೆ ಯಾವುದಾದರೂ ಆದೀತು. ಆಮೇಲೆ ಎರಡು ನಿಮಿಷ ಪಕ್ಕದವರೊಂದಿಗೆ ಮಾತು. ಬಳಿಕ ಹಿಂದಿನ ಬೆಂಚಿಗೆ ಹೋಗಿ, "ನೀವಿಬ್ಬರೂ ಏನಂತ ಮಾತಾಡಿದ್ರಿ?" ಎನ್ನುತ್ತಿದ್ದರು. ಪ್ರಶ್ನೆ ಇಬ್ಬರಿಗೂ ಸೇರಿ ಬಂದಾಗ ತಪ್ಪಿನ ಭಾರ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ. "ಬೆಲೆ ಏರೀತಂದ್ರ ದ್ರಾಕ್ಷಿ ತಿನ್ನೂದು ಬಿಡಬಹುದು, ಉಪ್ಪು ಬಿಡಾಕ ಆಗಂಗಿಲ್ರಿ ಸರ" ಎಂಬ ಉತ್ತರವನ್ನು ಇದ್ದ ಹಾಗೇ ಬೋರ್ಡಿಗೆ ಬರೆದು, ಅದರ ಕೆಳಗೆ 'ಇನ್‌ಇಲಾಸ್ಟಿಕ್ ಡಿಮ್ಯಾಂಡ್' (ಬೆಲೆ ಏರಿದರೂ ಹೆಚ್ಚು ಕುಗ್ಗದ ಬೇಡಿಕೆ) ಎಂದು ಸೇರಿಸುತ್ತಿದ್ದರು. ಪಾರಿಭಾಷಿಕ ಪದ ಆಮೇಲೆ ಬರುತ್ತಿತ್ತು, ವಿಚಾರ ಹುಡುಗರದ್ದೇ ಆಗಿರುತ್ತಿತ್ತು.

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರು ಕಡಿಮೆಯಾಗುತ್ತಾರೆ. ಅವರು ಮುಖ್ಯವಾಗಿ ನೋಡಿದ್ದು ಚಿಕ್ಕ ಮಕ್ಕಳ ವಿಜ್ಞಾನದ ತರಗತಿಗಳನ್ನು. ನಮ್ಮ ಕಡೆಯ ಪದವಿ ತರಗತಿಗೆ 3 ಸೆಕೆಂಡೂ ಸಾಲದು: ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕಲ್ಲ! ಆ ನಡುವೆ ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಮತ್ತೆ ಕೇಳಿದರೆ ಕಟ್ಟಿಕೊಂಡ ವಾಕ್ಯ ಕಳಚಿ ಬೀಳುತ್ತದೆ. ಅಷ್ಟರಲ್ಲಿ ಮುಂದಿನ ಬೆಂಚಿನವರು ಉತ್ತರ ಹೇಳಿಯೂ ಆಗಿರುತ್ತದೆ.

ಆತ್ಮಗೌರವ ಅಳೆಯಲು ಮನಶ್ಶಾಸ್ತ್ರದವರು 1965ರಿಂದ ಬಳಸುವ ರೋಸೆನ್‌ಬರ್ಗ್ ಮಾಪಕದಲ್ಲಿ ಇರುವುದು 10 ಹೇಳಿಕೆ, ಐದು ತನ್ನ ಪರ, ಐದು ತನ್ನ ವಿರುದ್ಧ. ಆ ಅಂಕ ಏರಿಸಿದರೆ ಪರೀಕ್ಷೆಯ ಅಂಕವೂ ಏರುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಚೆನ್ನಾಗಿ ಕಲಿತದ್ದರಿಂದಲೇ ಆತ್ಮಗೌರವ ಒಂದಿಷ್ಟು ಬೆಳೆಯುತ್ತದೆ ಎಂದು ಕಂಡಿತು. ಹಾಗಾಗಿ "ನೀವೆಲ್ಲ ಜಾಣರು" ಎಂಬ ವರ್ಷಕ್ಕೊಂದು ಭಾಷಣದಿಂದ ಹೆಚ್ಚೇನೂ ಆಗದು. ಉಪ್ಪಿನ ಉತ್ತರ ಬೋರ್ಡಿಗೆ ಏರಿದ ದಿನ ಆಗುವುದೇ ಬೇರೆ.

ಸರಿಯಿಲ್ಲದ ಉತ್ತರಕ್ಕೆ "ತಪ್ಪು, ಕೂಡು" ಎಂದು ಮುಂದೆ ಹೋದರೆ ಆ ಹುಡುಗಿ ಆ ಸೆಮಿಸ್ಟರ್ ಪೂರ್ತಿ ಮತ್ತೆ ಏಳಲಿಕ್ಕಿಲ್ಲ. ಸರ್ ಮಾತ್ರ ಉತ್ತರದಲ್ಲಿ ಸರಿಯಿದ್ದ ಅರ್ಧವನ್ನು ಎತ್ತಿ ಹೇಳಿ, ಉಳಿದರ್ಧವನ್ನು ಮತ್ತೆ ಅವಳನ್ನೇ ಕೇಳುತ್ತಿದ್ದರು. ಯಾರಾದರೂ ನಕ್ಕರೆ ಪಾಠ ನಿಲ್ಲುತ್ತಿತ್ತು.

ಟೆಸ್ಟ್ ಪೇಪರ್ ಹಂಚುವಾಗ ಅಂಕ ಕೂಗುತ್ತಿರಲಿಲ್ಲ. ಮಡಚಿ ಕೈಗೆ ಕೊಡುತ್ತಿದ್ದರು. ಒಳಗೆ, ಅಂಕದ ಪಕ್ಕದಲ್ಲಿ, ಕೆಂಪು ಶಾಯಿಯ ಒಂದೇ ಸಾಲು: "ರೇಖಾಚಿತ್ರ ಸರಿ, ಅಕ್ಷಗಳ ಹೆಸರು ಬರೆದಿಲ್ಲ, 2 ಅಂಕ ಅಲ್ಲಿ ಹೋಯಿತು."